ಏರೋ ಹೆಲ್ಮೆಟ್ ಹಾಕಿದರೆ ರಸ್ತೆ ಕಾಣುವುದಿಲ್ಲ, ಸ್ಪರ್ಧೆಗೆ ಹನ್ನೆರಡೇ ದಿನ

ಮೈಸೂರು ಸವಾರ
ಮೂರು ವಾರದಿಂದ ಒದ್ದಾಡಿ ಸಾಕಾಗಿದೆ. ಟ್ರಯಾಥ್ಲಾನ್‌ಗೆಂದು ಗಾಳಿಯ ತಡೆ ತಗ್ಗಿಸುವ ಹೊಸ ಏರೋ ಹೆಲ್ಮೆಟ್ ಕೊಂಡೆ. ಈಜು ಮುಗಿಸಿ, ಕನ್ನಡಕದ ಮೇಲೆ ಅದನ್ನು ಹಾಕಿಕೊಂಡು ಹೊರಟರೆ ಐದೇ ನಿಮಿಷದಲ್ಲಿ ಮುಂದಿನ ರಸ್ತೆ ಮಸುಕು. ನಿನ್ನೆ ರಿಂಗ್ ರಸ್ತೆಯ ಗುಂಡಿಯೊಂದು ಹತ್ತಡಿ ದೂರಕ್ಕೆ ಬಂದ ಮೇಲೆ ಕಣ್ಣಿಗೆ ಬಿತ್ತು. ಕೈಗಳು ಹ್ಯಾಂಡಲ್‌ನಿಂದ ಮುಂದಕ್ಕೆ ಚಾಚಿದ, ಬಗ್ಗಿ ಹಿಡಿಯುವ ಏರೋ ಬಾರ್ ಮೇಲಿದ್ದವು, ಬ್ರೇಕ್ ಮೇಲಲ್ಲ. ಬೀಳದೆ ಉಳಿದದ್ದು ಪುಣ್ಯ. ಸ್ಪರ್ಧೆ ಸ್ಪ್ರಿಂಟ್ ದೂರದ್ದು: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ನೀವೆಲ್ಲ ಇದನ್ನು ಹೇಗೆ ನಿಭಾಯಿಸುತ್ತೀರಿ?

ಕೆರೆದಂಡೆ
ಇದು ಮಂಜು ಕಟ್ಟುವ ಸಮಸ್ಯೆ, ಅನುಮಾನವೇ ಬೇಡ. ಈಜಿ ಬಂದ ಮುಖ ಒದ್ದೆ, ಮೈ ಬಿಸಿ. ಆ ಹೆಲ್ಮೆಟ್‌ಗಳಲ್ಲಿ ಗಾಳಿಕಿಂಡಿ ಕಡಿಮೆ. ಹಬೆ ಹೊರಹೋಗಲು ದಾರಿಯಿಲ್ಲದೆ ಗಾಜಿನ ಒಳಮೈಗೆ ಅಂಟುತ್ತದೆ. ಹಿಂದಿನ ರಾತ್ರಿ ಒಂದು ಹನಿ ಮಕ್ಕಳ ಶಾಂಪೂ ಸವರಿ, ಒಣಗಿಸಿ, ಮೆತ್ತನೆ ಬಟ್ಟೆಯಿಂದ ಒರೆಸಿ.

ನಂದಿ ಏರು
ಕನ್ನಡಕವೇ ಏಕೆ? ನನ್ನ ಹೆಲ್ಮೆಟ್‌ಗೆ ಅಯಸ್ಕಾಂತದಿಂದ ಕೂರುವ ವೈಸರ್ ಇದೆ. ಗೋವಾದ 70.3 ಮೈಲಿಯ ಟ್ರಯಾಥ್ಲಾನ್‌ನಲ್ಲಿ ಸೈಕಲ್‌ನ 90 ಕಿ.ಮೀ. ಪೂರ್ತಿ ಅದರಲ್ಲೇ ಹೊಡೆದೆ.

ಮೈಸೂರು ಸವಾರ
ಶಾಂಪೂ ಸವರಿ ನೋಡಿದೆ. ಏನೂ ಬದಲಾಗಲಿಲ್ಲ.

ಕೆರೆದಂಡೆ
ಹಾಗಾದರೆ ಹೆಚ್ಚು ಸವರಿದ್ದೀರಿ. ತೆಳುವಾಗಿ ಇರಬೇಕು. ಹೊರಡುವ ಮುನ್ನ ಮುಖ ಒರೆಸಿಕೊಳ್ಳುತ್ತೀರಾ? ಮೊದಲ ಒಂದು ಕಿ.ಮೀ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಗಾಳಿ ಆಡಲು ಬಿಡಿ.

ನಂದಿ ಏರು
20 ಕಿ.ಮೀ.ಗೆ ಹೆಲ್ಮೆಟ್ ಹಾಕಿಕೊಳ್ಳುವುದರಲ್ಲೇ ಸಮಯ ಕಳೆಯಬಾರದು. ಕನ್ನಡಕವನ್ನು ಹ್ಯಾಂಡಲ್‌ಗೆ ಟೇಪ್ ಹಚ್ಚಿ ಅಂಟಿಸಿ, ವೇಗ ಹಿಡಿದ ಮೇಲೆ ಹಾಕಿಕೊಳ್ಳಿ. ನಿಯಮವಿರುವುದು ಹೆಲ್ಮೆಟ್‌ಗೆ ಮಾತ್ರ. ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವ ಮೊದಲು ಬಕಲ್ ಬಿಗಿದಿರಬೇಕು, ಮರಳಿ ಇಡುವ ತನಕ ಬಿಚ್ಚಬಾರದು.

ಬೆಳಗಿನ ಓಟ
ಒಂದು ನಿಮಿಷ ಎಲ್ಲರೂ ನಿಲ್ಲಿ. ಸವಾರರೇ, ಅದು ಬರೀ ತಂಪು ಕನ್ನಡಕವೋ, ಪವರ್ ಇರುವುದೋ? ಗಾಜಿನ ಮೇಲೆ ನಿಜವಾಗಿಯೂ ಹನಿ ಕಾಣುತ್ತದೆಯೇ? ನೆಟ್ಟಗೆ ಕುಳಿತಾಗಲೂ ಮಸುಕೇ, ಬಗ್ಗಿದಾಗ ಮಾತ್ರವೇ?

ಮೈಸೂರು ಸವಾರ
ಪವರ್ ಇರುವುದೇ ಮೇಡಂ, ಎರಡೂ ಕಣ್ಣಿಗೆ ಮೈನಸ್ 5.5. ಕನ್ನಡಕ ಎಂದರೆ ಅದೇ ಎಂದುಕೊಂಡು ಬರೆಯಲಿಲ್ಲ. ಕಚೇರಿಗೆ ಹಾಕುವ ಜೋಡಿಯೇ, ಕಡ್ಡಿಯ ತುದಿ ಕಿವಿಯ ಹಿಂದೆ ಬಾಗಿದೆ. ಹನಿ ಕಂಡಿಲ್ಲ. ನೀವು ಕೇಳಿದ ಮೇಲೆ ಗಮನಿಸಿದೆ, ಬಗ್ಗಿದಾಗ ಮಾತ್ರ ಮಸುಕು.

ಬೆಳಗಿನ ಓಟ
ಹಾಗಾದರೆ ಇದು ಮಂಜಲ್ಲ. ನನಗೂ ಮೈನಸ್ 4, ಇದನ್ನೇ ಅನುಭವಿಸಿದ್ದೇನೆ. ಏರೋ ಬಾರ್ ಮೇಲೆ ಬಗ್ಗಿದಾಗ ತಲೆ ತಗ್ಗುತ್ತದೆ, ಕಣ್ಣು ಮಾತ್ರ ಮೇಲಕ್ಕೆ ಹೋಗುತ್ತದೆ. ಬೆವರಿಗೆ ಕನ್ನಡಕ ಒಂದಿಷ್ಟು ಜಾರಿದರೂ ಸಾಕು, ನೀವು ಫ್ರೇಮಿನ ಮೇಲಂಚಿನ ಆಚೆಯಿಂದ ಬರಿಗಣ್ಣಿನಲ್ಲಿ ನೋಡುತ್ತಿರುತ್ತೀರಿ. ಇದರ ಮೇಲೆ ಹೆಲ್ಮೆಟ್ಟಿನ ಕಿವಿಮುಚ್ಚಿಗೆಯೂ ಕಡ್ಡಿಯನ್ನು ಕಿವಿಗೆ ಒತ್ತಿ ಹಿಂಭಾಗವನ್ನು ಎತ್ತುತ್ತದೆ, ಮುಂಭಾಗ ಇನ್ನಷ್ಟು ಇಳಿಯುತ್ತದೆ. ಹ್ಯಾಂಡಲ್‌ಗೆ ಅಂಟಿಸುವ ಉಪಾಯ ನಿಮಗೆ ಖಂಡಿತ ಬೇಡ. ಮೈನಸ್ 5.5 ಇರುವವರು ಜನರ ನಡುವೆ ಬರಿಗಣ್ಣಿನಲ್ಲಿ ಸೈಕಲ್ ಏರಬಾರದು.

ಕೆರೆದಂಡೆ
ಬೆವರು, ಹಬೆ ಎಲ್ಲ ಒಂದೇ ತಾನೆ? ಜಾರುವುದೂ ತೇವದಿಂದಲೇ.

ನಂದಿ ಏರು
ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಈಜಿದರೆ ಕಥೆ ಮುಗಿಯಿತು.

ಬೆಳಗಿನ ಓಟ
ಕೆರೆಯ ನೀರಿನಲ್ಲಿ ಲೆನ್ಸ್ ಬೇಡವೇ ಬೇಡ! ಅಕಾಂತಮೀಬ ಎಂಬ ಜೀವಿ ಲೆನ್ಸಿನ ಅಡಿ ಸೇರಿದರೆ ಕಾರ್ನಿಯಾಕ್ಕೆ ಹುಣ್ಣಾಗಿ ದೃಷ್ಟಿಯೇ ಹೋಗಬಹುದು.

ನಂದಿ ಏರು
ಗಾಗಲ್ಸ್ ಒಳಗೆ ನೀರು ಬರುವುದಿಲ್ಲವಲ್ಲ. ಐದು ವರ್ಷದಿಂದ ನನಗೇನೂ ಆಗಿಲ್ಲ.

ಬೆಳಗಿನ ಓಟ
ಯಾರದ್ದೋ ಕಾಲು ತಗುಲಿದರೆ ಗಾಗಲ್ಸ್ ಸರಿಯುತ್ತದೆ, ನೀರು ಬರುತ್ತದೆ. ಈಜಿಗೆ ಪವರ್ ಇರುವ ಗಾಗಲ್ಸ್ ಸಿಗುತ್ತದೆ, ಅದನ್ನು ಕೊಳ್ಳಿ. ಸೈಕಲ್ ಪಕ್ಕ ಕಿತ್ತಳೆ ಬಣ್ಣದ ಟವೆಲ್ ಹಾಸಿದರೆ ಈಜು ಮುಗಿಸಿ ಬರುವಾಗ ದೂರದಿಂದಲೇ ಜಾಗ ಗೊತ್ತಾಗುತ್ತದೆ. ಇನ್ನು ಕನ್ನಡಕ. ಮೂಗಿನ ಮೇಲೆ ಕೂರುವ ಪುಟ್ಟ ಪ್ಯಾಡ್‌ಗಳು ತಂತಿಯ ಮೇಲಿದ್ದರೆ ಅಂಗಡಿಯವರಿಗೆ ಹೇಳಿ ಅವನ್ನು ಒಂದಕ್ಕೊಂದು ಹತ್ತಿರ ಬರುವಂತೆ ಬಗ್ಗಿಸಿಕೊಳ್ಳಿ, ಫ್ರೇಮು ಮೇಲೇರುತ್ತದೆ. ಕಡ್ಡಿಯ ಕೊಕ್ಕೆಯನ್ನೂ ನೇರ ಮಾಡಿಸಿ. ಹೆಲ್ಮೆಟ್ ಹಾಕುವಾಗ ಎರಡೂ ಹೆಬ್ಬೆರಳಿನಿಂದ ಕಿವಿಮುಚ್ಚಿಗೆಯನ್ನು ಹೊರಕ್ಕೆ ಅಗಲಿಸಿ ಇಳಿಸಿ, ಬಕಲ್ ಬಿಗಿಯಿರಿ, ಆಮೇಲೆ ಕಡ್ಡಿಯನ್ನು ಕೆನ್ನೆಯ ಮೇಲಿಂದ ಒಳಕ್ಕೆ ತೂರಿಸಿ. ಮನೆಯಲ್ಲಿ ಮುಖ ಒದ್ದೆ ಮಾಡಿಕೊಂಡು ಇಪ್ಪತ್ತು ಸಲ ಅಭ್ಯಾಸ ಮಾಡಿ.

ಮೈಸೂರು ಸವಾರ
ಮೇಡಂ, ಪ್ಯಾಡ್ ಬಗ್ಗಿಸಿದರು, ಆ ಕೆಲಸಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಇಂದು ಬೆಳಿಗ್ಗೆ ಅದೇ ರಿಂಗ್ ರಸ್ತೆಯಲ್ಲಿ ಬಗ್ಗಿಕೊಂಡೇ ಹೋದೆ, ಆ ಗುಂಡಿ ದೂರದಿಂದಲೇ ಕಾಣಿಸಿತು. ಎಷ್ಟು ಸಮಾಧಾನವಾಯಿತೆಂದರೆ ಹೇಳಲಾರೆ. ಆದರೆ ಓಟಕ್ಕಾಗಿ ಹೆಲ್ಮೆಟ್ ತೆಗೆಯುವಾಗ ಎಡಗಿವಿಯ ಕಡೆ ಪಟ್ಟಿಗೆ ಕಡ್ಡಿ ಸಿಕ್ಕಿಕೊಂಡು ಕನ್ನಡಕವೂ ಕಿತ್ತುಬರುತ್ತದೆ. ಆರರಲ್ಲಿ ನಾಲ್ಕು ಸಲ ನೆಲಕ್ಕೆ ಬಿತ್ತು. ಬಲಗಡೆ ತೊಂದರೆಯಿಲ್ಲ.

ಕೆರೆದಂಡೆ
ಬಕಲ್ ಎಡಗಡೆ ಇದೆಯೇ? ಕಡ್ಡಿ ಪಟ್ಟಿಯ ಹೊರಗಿದೆಯೋ ಒಳಗೋ? ಒಳಗಿದ್ದರೆ ಹೀಗಾಗಬಾರದು. ಮತ್ತೆ, ಶಾಂಪೂ ಮಾತ್ರ ಬಿಡಬೇಡಿ.

ನಂದಿ ಏರು
ಹೆಲ್ಮೆಟ್ ಮಾತು ಬಂದದ್ದಕ್ಕೆ ಹೇಳುತ್ತೇನೆ, ಹಿಂದಿನ ಚಕ್ರಕ್ಕೆ ಡಿಸ್ಕ್ (ಚಕ್ರವನ್ನು ಪೂರ್ತಿ ಮುಚ್ಚುವ ತಟ್ಟೆ) ಹಾಕಿಸಿದೆ. ಅದು ಉರುಳುವ ಸದ್ದೇ ಬೇರೆ. ಸಂಜೆ ಚಿತ್ರ ಹಾಕುತ್ತೇನೆ.

ಮೈಸೂರು ಸವಾರ
ಕಡ್ಡಿ ಹೊರಗಿದೆ ಸರ್, ಎಡಗಡೆ ಮಾತ್ರ. ಹೆಲ್ಮೆಟ್ ಹಾಕಿದ ಮೇಲೆ ತೂರಿಸಿದರೆ ಅಲ್ಲಿ ಪಟ್ಟಿಯ ಒಳಕ್ಕೆ ಹೋಗುವುದೇ ಇಲ್ಲ. ಓಟದಲ್ಲಿ ಕನ್ನಡಕ ಹಾಕುವವರು ಯಾರಾದರೂ ಇದ್ದರೆ ತಿಳಿಸಿ, ಇನ್ನು ಒಂಬತ್ತು ದಿನ ಉಳಿದಿದೆ.