ಪದಚರ್ಚೆ: ಲಾರಿ ಗ್ಯಾರೇಜಿನ ಫಲಕಕ್ಕೆ ‘ಆಯಿಲ್ ಚೇಂಜ್’ ಮತ್ತು ‘ಡ್ರೈನ್ ಇಂಟರ್ವಲ್’

ಮಾನ್ಯರೇ,

ಲಾರಿ ಗ್ಯಾರೇಜೊಂದರ ಫಲಕದಲ್ಲಿ ‘ಆಯಿಲ್ ಚೇಂಜ್’, ‘ಡ್ರೈನ್ ಇಂಟರ್ವಲ್’ ಎಂಬುವನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂಬ ಪ್ರಶ್ನೆ ಇಲ್ಲಿ ಬಂದಿದೆ. ಬರಹ ಈ ವಾರವೇ ಬೇಕೆಂದು ಕೇಳಿರುವುದರಿಂದ ಉತ್ತರವನ್ನು ಮೊದಲೇ ಹೇಳುತ್ತೇನೆ. ‘ಇಂಜಿನ್ ಆಯಿಲ್’ ಎಂಬುದನ್ನು ಹಾಗೆಯೇ ಉಳಿಸಿಕೊಂಡು, ಕ್ರಿಯಾಪದವನ್ನು ಎಚ್ಚರದಿಂದ ಆರಿಸಿ. ನಿನ್ನೆ ಸೂಚಿಸಲಾದ ‘ತೈಲ ಪರಿವರ್ತನೆ’, ‘ಕೀಲೆಣ್ಣೆ ಮಾರ್ಪು’ ಎರಡೂ ಲಾರಿ ಚಾಲಕರಿಗೆ ಉಪಯೋಗಕ್ಕೆ ಬಾರವು.

‘ತೈಲ ಬೆಲೆ ಏರಿಕೆ’ ಎಂದು ದಿನವೂ ಓದುವವನಿಗೆ ತೈಲವೆಂದರೆ ಪೆಟ್ರೋಲು, ಡೀಸೆಲ್ಲು. ಟ್ಯಾಂಕಿನಲ್ಲಿ ಉರಿಯುವುದಕ್ಕೂ ಇಂಜಿನ್ನಿನೊಳಗೆ ಸುತ್ತುವುದಕ್ಕೂ ಗ್ಯಾರೇಜಿನಲ್ಲಿ ಒಂದೇ ಹೆಸರು ಸಲ್ಲದು. ‘ಎಣ್ಣೆ’ಗೆ ಹೆದ್ದಾರಿಯ ಆಡುಮಾತಿನಲ್ಲಿ ಮದ್ಯದ ಅರ್ಥ ಗಟ್ಟಿಯಾಗಿ ನೆಲೆಸಿದೆ, ಅದೂ ಬೇಡ. ‘ಎಣ್ಣೆ ಅಚ್ಚಗನ್ನಡ, ಆಯಿಲ್ ಪರಕೀಯ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಎಳ್ಳು ಮತ್ತು ನೆಯ್ ಕೂಡಿ ಎಣ್ಣೆಯಾಯಿತು, ತಿಲದಿಂದ ತೈಲ ಹುಟ್ಟಿತು, ಆಯಿಲ್ ಎಂಬುದು ಗ್ರೀಕರ ಆಲಿವ್ ಮರದಿಂದ ಲ್ಯಾಟಿನ್ ಮೂಲಕ ಇಳಿದುಬಂದಿತು. ಹುಟ್ಟು ನೋಡಿ ತೀರ್ಪು ಕೊಡುವುದಾದರೆ ಮೂರೂ ಇಂಜಿನ್ನಿಗೆ ಹೊರಗಿನವೇ.

‘ಕೀಲೆಣ್ಣೆ’ ಸೊಗಸಾದ ಪದ, ಗಾಡಿಯ ಅಚ್ಚಿಗೆ ಹಚ್ಚುವುದಕ್ಕೆ ಸರಿಯಾದ ಪದ. ಮೆಕ್ಯಾನಿಕ್ ಅದನ್ನು ಓದಿದರೆ ಗ್ರೀಸ್ ಎಂದೇ ತಿಳಿಯುತ್ತಾನೆ. ಡೀಸೆಲ್ ಇಂಜಿನ್ನಿನ ಆಯಿಲ್ ಸವೆತವನ್ನು ತಡೆಯುವುದರ ಜೊತೆಗೆ ಪಿಸ್ಟನ್ನುಗಳ ಬಿಸಿಯನ್ನು ಹೊತ್ತೊಯ್ಯುತ್ತದೆ, ದಹನದಿಂದ ಹುಟ್ಟುವ ಆಮ್ಲದ ತೀವ್ರತೆಯನ್ನು ತಗ್ಗಿಸುತ್ತದೆ, ಮಸಿಯ ಕಣಗಳು ಒಂದಕ್ಕೊಂದು ಅಂಟಿ ರಾಡಿಯಾಗದಂತೆ ತನ್ನೊಳಗೆ ತೇಲಿಸಿಟ್ಟುಕೊಳ್ಳುತ್ತದೆ. ಹೊಸ ಆಯಿಲ್ ಬೇಗನೆ ಕಪ್ಪಾಗುವುದು ಈ ಕೊನೆಯ ಕೆಲಸದಿಂದಲೇ. ಆದ್ದರಿಂದ ‘ಕಪ್ಪಾದ ಆಯಿಲ್ ಬದಲಿಸಿ’ ಎಂಬ ಇನ್ನೊಬ್ಬರ ಸೂಚನೆ ಭಾಷೆಯ ದೃಷ್ಟಿಯಿಂದ ಶುದ್ಧ, ವಿಷಯದಲ್ಲಿ ತಪ್ಪು.

ನಿಜವಾದ ತೊಡಕಿರುವುದು ‘ಹಾಕು’ ಎಂಬ ಕ್ರಿಯಾಪದದಲ್ಲಿ. ‘ಆಯಿಲ್ ಹಾಕಿಸಿದೆ’ ಎಂದರೆ ಹಳೆಯದನ್ನು ತೆಗೆದು ಹೊಸದನ್ನು ತುಂಬಿಸಿದ್ದೂ ಆಗಬಹುದು, ಕಡಿಮೆಯಾದಷ್ಟನ್ನು ಮೇಲಿನಿಂದ ಸುರಿಸಿದ್ದೂ ಆಗಬಹುದು. ಎರಡನೆಯದನ್ನೇ ಮೊದಲನೆಯದೆಂದು ನಂಬಿ ವರ್ಷಗಟ್ಟಲೆ ಓಡಿಸಿದ ಇಂಜಿನ್ನಿನಲ್ಲಿ ಮಸಿ, ಆಮ್ಲ, ಲೋಹದ ಪುಡಿ ತಳದಲ್ಲೇ ಉಳಿದು ಬೇರಿಂಗುಗಳು ಸವೆಯುತ್ತವೆ, ಹಳೆಯ ಫಿಲ್ಟರು ಕಟ್ಟಿಕೊಂಡಾಗ ಶೋಧಿಸದ ಆಯಿಲ್ಲೇ ಫಿಲ್ಟರನ್ನು ತಪ್ಪಿಸಿ ಹೋಗುವ ಬೈಪಾಸ್ ದಾರಿಯ ಮೂಲಕ ಸುತ್ತಲಾರಂಭಿಸುತ್ತದೆ. ಹಾಗಾಗಿ ಫಲಕದಲ್ಲಿ ಮೂರು ಕ್ರಿಯಾಪದಗಳು ಬೇರೆಬೇರೆಯಾಗಿ ಕಾಣಲಿ: ಹಳೆಯದನ್ನು ‘ಇಳಿಸು’, ಹೊಸದನ್ನು ‘ತುಂಬು’, ನಡುವೆ ಕಡಿಮೆಯಾದರೆ ‘ಸೇರಿಸು’. ‘ಚೇಂಜ್ ಮಾಡಿ’ ಎಂದು ಬರೆದರೆ ಈ ಭೇದವೆಲ್ಲ ಅಳಿಸಿಹೋಗುತ್ತದೆ; ನನ್ನ ಆಕ್ಷೇಪ ಇರುವುದು ಆ ಎರವಲಿಗೆ. ಆಯಿಲ್, ಗೇರು, ಕ್ಲಚ್ಚುಗಳು ‘ಆಯಿಲ್ಲಿನಲ್ಲಿ’, ‘ಗೇರಿಗೆ’, ‘ಕ್ಲಚ್ಚನ್ನು’ ಎಂದು ವಿಭಕ್ತಿ ಹತ್ತಿಸಿಕೊಂಡು ನಮ್ಮವಾಗಿವೆ. ನಾಮಪದಗಳ ಬಾಗಿಲಲ್ಲಿ ಕಾವಲು ನಿಂತು ಕ್ರಿಯಾಪದಗಳನ್ನೆಲ್ಲ ‘ಮಾಡು’ವಿಗೆ ಒಪ್ಪಿಸಿಬಿಡುವ ಶುದ್ಧತಾವಾದ ನನಗೆ ಅರ್ಥವಾಗದು.

‘ಡ್ರೈನ್ ಇಂಟರ್ವಲ್’ಗೆ, ಅಂದರೆ ಒಮ್ಮೆ ಆಯಿಲ್ ಬದಲಿಸಿದ ಮೇಲೆ ಮತ್ತೆ ಬದಲಿಸುವವರೆಗಿನ ಅಂತರಕ್ಕೆ, ‘ಗಡುವು’ ಸಾಕು. ‘ಅವಧಿ’ಗೆ ಸಂಸ್ಕೃತದಲ್ಲಿ ಎಲ್ಲೆ ಎಂಬ ಅರ್ಥವಿದ್ದರೂ ಇಂದಿನ ಓದುಗನಿಗೆ ಅದು ಬರಿಯ ಕಾಲ, ಇಲ್ಲಿಯೋ ಕಿಲೋಮೀಟರು, ತಿಂಗಳು, ಇಂಜಿನ್ ಓಡಿದ ಗಂಟೆ ಮೂರೂ ಲೆಕ್ಕಕ್ಕೆ ಬರುತ್ತವೆ. ನಿಂತಲ್ಲೇ ಇಂಜಿನ್ ಓಡಿಸುವ ಟಿಪ್ಪರಿನಲ್ಲಿ ಕಿಲೋಮೀಟರಿನ ಲೆಕ್ಕ ಒಂದೇ ನೋಡಿದರೆ ಆಯಿಲ್ಲಿನ ವಯಸ್ಸು ಗೊತ್ತಾಗುವುದಿಲ್ಲ.

ಬರಹ ಹೀಗಿರಲಿ: ‘ಕೈಪಿಡಿಯ ಗಡುವಿಗೆ ಸರಿಯಾಗಿ ಇಂಜಿನ್ ಆಯಿಲ್ ಬದಲಿಸಿ. ಇಂಜಿನ್ ಬೆಚ್ಚಗಿರುವಾಗ ಹಳೆಯದನ್ನು ಪೂರ್ತಿ ಇಳಿಸಿ, ಫಿಲ್ಟರನ್ನೂ ಬದಲಿಸಿ, ಹೊಸದನ್ನು ಅಳತೆಕಡ್ಡಿಯ ಮೇಲಿನ ಗುರುತು ಮೀರದಂತೆ ತುಂಬಿ. ನಡುವೆ ಸೇರಿಸಿದ ಆಯಿಲ್ ಬದಲಾವಣೆಯ ಲೆಕ್ಕಕ್ಕೆ ಬರುವುದಿಲ್ಲ.’

ಆ ಗ್ಯಾರೇಜಿಗೆ 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆ ಮಾಲಿನ್ಯದ ಭಾರತ್ ಸ್ಟೇಜ್ 6 ಮಾನದಂಡದ) ಲಾರಿಗಳೂ ಬರುತ್ತವೆಯೇ ಎಂಬುದನ್ನು ದಯವಿಟ್ಟು ತಿಳಿಸಿ. ಬರುವುದಾದರೆ ಆಯಿಲ್ ಉರಿದು ಉಳಿಯುವ ಬೂದಿ, ಹೊಗೆಯಲ್ಲಿನ ಮಸಿಯನ್ನು ಹಿಡಿಯುವ ಡಿಪಿಎಫ್ ಶೋಧಕವನ್ನು ಕಟ್ಟಿಸದಂತೆ ‘ಕಡಿಮೆ ಬೂದಿಯ ಆಯಿಲ್’ ಎಂಬ ಸಾಲೊಂದನ್ನು ಸೇರಿಸಬೇಕಾಗುತ್ತದೆ. ಅಲ್ಲಿ ‘ಭಸ್ಮ’ ಎಂದು ಯಾರೂ ತಿದ್ದಬೇಡಿ.