ಕುಂಡದ ಬ್ರಹ್ಮಕಮಲ ಪುಣೆ ಬಿಸಿಲಿಗೇ ಸುಟ್ಟಿತು, ಹಿಮಾಲಯದಲ್ಲಿ ಹೇಗೆ ಬದುಕುತ್ತದೆ?

ಕೋಥರೂಡ್ ಕೈತೋಟ:
ಧಾರವಾಡದಿಂದ ಅಮ್ಮ ಕೊಟ್ಟ ಬ್ರಹ್ಮಕಮಲದ ಒಂದು ಎಲೆಯನ್ನು ಆರು ವರ್ಷದ ಹಿಂದೆ ಇಲ್ಲಿ ಕುಂಡದಲ್ಲಿ ಊರಿದ್ದೆ. ಮಳೆಗಾಲದಲ್ಲಿ ರಾತ್ರಿ ಹೂ ಅರಳಿದರೆ ಪಕ್ಕದ ಮನೆ ಕಾಕು ಆರತಿ ತಟ್ಟೆ ಹಿಡಿದು ಬರುತ್ತಾರೆ. ಈ ಏಪ್ರಿಲ್‌ನಲ್ಲಿ ಕುಂಡವನ್ನು ಪಶ್ಚಿಮದ ಗ್ಯಾಲರಿಗೆ ಸರಿಸಿದೆ. ಹತ್ತೇ ದಿನಕ್ಕೆ ಎಲೆಗಳು ಬಿಳಿಚಿಕೊಂಡು, ಆಮೇಲೆ ಕಂದು ಕಲೆ ಬಿದ್ದವು. ತುಂಬಾ ಸಂಕಟ ಆಯ್ತು. ಇದು ಹಿಮಾಲಯದ ಗಿಡ ಅಂತಾರೆ. ಅಲ್ಲಿ ಬಿಸಿಲು ಇನ್ನೂ ಚುರುಕು ಅಲ್ವಾ? ಅಲ್ಲಿ ಸುಡುವುದಿಲ್ಲವೇ?

ಗುಡ್ಡದ ಹಾದಿ:
ಅಕ್ಕಾ, ನಿಮ್ಮದು ಹಿಮಾಲಯದ್ದಲ್ಲ. ಮೆಕ್ಸಿಕೊ ಕಡೆಯ ಕಳ್ಳಿ. ಕಾಡಿನ ಮರಗಳ ಮೇಲೆ, ನೆರಳಲ್ಲಿ ಬೆಳೆಯುವಂಥದ್ದು. ನಾವು ಎಲೆ ಅನ್ನುವುದು ಅದರ ಚಪ್ಪಟೆ ಕಾಂಡ. ಅದಕ್ಕೇ ಸಂಜೆ ಬಿಸಿಲು ತಡೆಯಲಿಲ್ಲ.

ನಿಜವಾದ ಬ್ರಹ್ಮಕಮಲ ಸೂರ್ಯಕಾಂತಿಯ ಬಳಗದ್ದು. ಉತ್ತರಾಖಂಡದ ಹೇಮಕುಂಡ್ ಹತ್ತುವಾಗ, 4,000 ಮೀಟರ್ ದಾಟಿದ ಮೇಲೆ, ಕಲ್ಲುಗಳ ನಡುವೆ ನೋಡಿದೆ. ಆಗಸ್ಟ್ ತಿಂಗಳು. ಸುಮ್ನೆ ನಿಂತುಬಿಟ್ಟೆ. ದಳದಂತೆ ಕಾಣುವ ಕೆನೆಬಣ್ಣದ ಹಾಳೆಗಳು ದಳವಲ್ಲ, ತೆಳ್ಳನೆಯ ಎಲೆಗಳೇ. ಹೂಗಳು ಒಳಗೆ ನೇರಳೆ ಗೊಂಚಲಾಗಿ ಅಡಗಿರುತ್ತವೆ.

ಸಿಕ್ಕಿಂ ಎತ್ತರದ ರೇವಲ್ಚಿನ್ನಿ ಜಾತಿಯ ಒಂದು ಗಿಡಕ್ಕೂ ಇಂಥದೇ ಹೊದಿಕೆ ಇದೆ. ಆಳೆತ್ತರ ಬೆಳೆಯುತ್ತದೆ. ಅದರ ಹಳದಿ ಹಾಳೆಗಳು ಬೆಳಕನ್ನು ಒಳಗೆ ಬಿಡುತ್ತವೆ, ಅತಿನೇರಳೆ ಕಿರಣವನ್ನು ತಡೆಯುತ್ತವೆ. ಒಳಗೆ ಬೆಚ್ಚಗೂ ಇರುತ್ತದೆ. ಮೇಲೇರಿದಂತೆ ಪ್ರತಿ 1,000 ಮೀಟರ್‌ಗೆ ಈ ಕಿರಣ ಸುಮಾರು 10% ಜಾಸ್ತಿ. ಪುಣೆ ಇರುವುದು 560 ಮೀಟರ್ ಆಸುಪಾಸು, ಲೆಕ್ಕ ಹಾಕಿ ನೋಡಿ.

ಬಾಟನಿ ಮೇಡಂ:
ಒಂದು ಮಾತು ಸೇರಿಸುತ್ತೇನೆ. ಅಲ್ಲಿ ಬಿಸಿಲಿನ ಜೊತೆ ಚಳಿಯೂ ಕಷ್ಟ ಕೊಡುತ್ತದೆ. ಚಳಿಗೆ ಎಲೆ ಆಹಾರ ತಯಾರಿಸುವ ಕೆಲಸ ನಿಧಾನವಾಗುತ್ತದೆ, ಬೆಳಕು ಮಾತ್ರ ಸುರಿಯುತ್ತಲೇ ಇರುತ್ತದೆ. ಬಳಸಲಾಗದೆ ಉಳಿದ ಬೆಳಕೇ ಎಲೆಯನ್ನು ಹಾಳು ಮಾಡುತ್ತದೆ. ಅದಕ್ಕೆ ಎಷ್ಟೋ ಗಿಡಗಳು ಎಲೆಯಲ್ಲಿ ಕೆಂಪು ಬಣ್ಣ ತುಂಬಿಕೊಳ್ಳುತ್ತವೆ. ನಮ್ಮ ಮಾವಿನ ಚಿಗುರು ಕೆಂಪಗಿರುತ್ತದಲ್ಲ, ಅದೇ ಬಣ್ಣ. ಬ್ರಹ್ಮಕಮಲದ್ದೇ ಬಳಗದ ಫೇನ್ ಕಮಲವಂತೂ ಬಿಳಿ ಉಣ್ಣೆಯ ಉಂಡೆ. ಆ ರೋಮದ ಹೊದಿಕೆ ಬಿಸಿಲು, ಚಳಿ ಎರಡನ್ನೂ ತಡೆಯುತ್ತದೆ.

ಕುಂಡವನ್ನು ಪೂರ್ವಕ್ಕೆ ಇಡಿ. ಕಲೆ ಮತ್ತೆ ಹಸಿರಾಗುವುದಿಲ್ಲ, ಆದರೂ ಆ ಕಾಂಡ ಕತ್ತರಿಸಬೇಡಿ. ಉಳಿದ ಹಸಿರು ಗಿಡಕ್ಕೆ ಬೇಕು.

ಕೋಥರೂಡ್ ಕೈತೋಟ:
ಕತ್ತರಿ ಕೈಯಲ್ಲೇ ಇತ್ತು ಮೇಡಂ, ಒಳಗಿಟ್ಟೆ. ಕುಂಡ ಈಗ ಅಡುಗೆಮನೆ ಕಿಟಕಿ ಹತ್ತಿರ, ಪೂರ್ವಕ್ಕೆ. ನೀವು ಹೇಳಿದ ಮೇಲೆ ಬಗ್ಗಿ ನೋಡಿದೆ. ಬುಡದಲ್ಲಿ ಬೆರಳುದ್ದದ ಚಿಗುರು ಬಂದಿದೆ. ತುದಿ ಕೆಂಪಗಿದೆ!