ಕುವೈತ್‌ಗೆ ಹೋಗುವ ಹೆಣ್ಣುಮಕ್ಕಳಿಗಾಗಿ ಊರಿನಲ್ಲಿದ್ದುಕೊಂಡು ಏನು ಮಾಡಬಹುದು? ಅನುಭವವಿದ್ದವರು ಹೇಳಿ

ಚಿಂತಾಮಣಿ ತಾಲ್ಲೂಕಿನಿಂದ, ಪಂಚಾಯಿತಿ ಗ್ರಂಥಪಾಲಕಿ:

ಕಳೆದ ತಿಂಗಳು ನಮ್ಮ ಗ್ರಂಥಾಲಯಕ್ಕೆ ಒಬ್ಬ ಅಮ್ಮ ಪಾಸ್‌ಪೋರ್ಟ್ ಅರ್ಜಿ ತುಂಬಿಸಿಕೊಳ್ಳಲು ಬಂದಿದ್ದರು. ಕುವೈತ್‌ನಲ್ಲಿ ಮನೆಗೆಲಸವಂತೆ, ತಿಂಗಳಿಗೆ ಮೂವತ್ತು ಸಾವಿರವಂತೆ, ಉಳಿದಿದ್ದೆಲ್ಲ ಏಜೆಂಟ್ ನೋಡಿಕೊಳ್ಳುತ್ತಾನಂತೆ. ಏಜೆಂಟ್ ಯಾರೆಂದು ಕೇಳಿದರೆ "ಮದನಪಲ್ಲಿ ಕಡೆಯವರು" ಎನ್ನುವುದಕ್ಕಿಂತ ಹೆಚ್ಚು ಗೊತ್ತಿಲ್ಲ. ನಮ್ಮೂರಿನಿಂದ ಈಗಾಗಲೇ ನಾಲ್ವರು ಹೋಗಿದ್ದಾರೆ. ಅವರಲ್ಲಿ ಒಬ್ಬ ಅಕ್ಕನ ಫೋನ್ ಬಂದು ಎರಡು ತಿಂಗಳಾಯಿತು. ಹೋಗಬೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ; ಬೋರ್‌ವೆಲ್ ಬತ್ತಿದೆ, ಸಂಘದ ಸಾಲ ಕುತ್ತಿಗೆಗೆ ಬಂದಿದೆ. ನಾವು ಐದಾರು ಮಂದಿ ಸೇರಿ ಇವರ ಪರವಾಗಿ ಕೆಲಸ ಮಾಡಬೇಕೆಂದಿದ್ದೇವೆ. ಸರ್ಕಾರಕ್ಕೆ ಏನು ಕೇಳಬೇಕು, ಮನೆಯವರಿಗೆ ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು? ದಯವಿಟ್ಟು ತಿಳಿಸಿ.

ಶ್ರೀನಿವಾಸಪುರದಿಂದ:

ತಂಗೀ, ನನ್ನ ಸ್ವಂತ ತಂಗಿಯದೇ ಕಥೆ ಇದು. 2022ರಲ್ಲಿ ಹೋದಾಗ ಅವಳಿಗೆ 27 ವರ್ಷ. ದುಬೈಗೆ ಪ್ರವಾಸಿ ವೀಸಾ ಕೊಡಿಸಿ, ಒಂದು ಕೋಣೆಯಲ್ಲಿ ಹತ್ತು ದಿನ ಕೂರಿಸಿ, ಅಲ್ಲಿಂದ ಕುವೈತ್‌ಗೆ ಸಾಗಿಸಿದರು. ಮೂರನೇ ತಿಂಗಳು ಒಂದು ಧ್ವನಿ ಸಂದೇಶ ಬಂತು. ಹಿಂದೆ ನಲ್ಲಿ ನೀರು ಸುರಿಯುವ ಸದ್ದು. ಹೊರಗಿನವರಿಗೆ ಮಾತು ಕೇಳಿಸದಿರಲೆಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಮಾತನಾಡಿದ್ದಳು. "ಅಣ್ಣಾ, ಪಾಸ್‌ಪೋರ್ಟ್ ಅವರ ಹತ್ತಿರ ಇದೆ. ಎರಡು ತಿಂಗಳ ಸಂಬಳ ಬಂದಿಲ್ಲ. ಅಮ್ಮನಿಗೆ ಹೇಳಬೇಡ." ಅಷ್ಟೇ. ಆ ಸಂದೇಶವನ್ನು ನಾನು ಈಗಲೂ ಅಳಿಸಿಲ್ಲ.

ನಾವು ಮಾಡಿದ ತಪ್ಪನ್ನು ಹೇಳುತ್ತೇನೆ, ನೀವು ಮಾಡಬೇಡಿ. ಊರಿನ ಯುವಕ ಸಂಘದ ಹೆಸರಿನಲ್ಲಿ, ಇಪ್ಪತ್ತು ಜನರ ಸಹಿಯೊಂದಿಗೆ ಠಾಣೆಗೆ ದೂರು ಕೊಟ್ಟೆವು. "ಇದು ವಿದೇಶದ ವ್ಯವಹಾರ, ದೆಹಲಿಯ ಅನುಮತಿ ಬೇಕು" ಎಂದು ವಾಪಸ್ ಕಳಿಸಿದರು. ಒಂದೂವರೆ ತಿಂಗಳು ಹಾಗೆಯೇ ಹೋಯಿತು. ಕೊನೆಗೆ ಉಚಿತ ಕಾನೂನು ನೆರವಿನ ವಕೀಲರೊಬ್ಬರು 1983ರ ವಲಸೆ ಕಾಯ್ದೆಯ 27ನೇ ಕಲಂ ತೆಗೆದು ತೋರಿಸಿದರು. ಮೊಕದ್ದಮೆಗೆ ಕೇಂದ್ರದ ಪೂರ್ವಾನುಮತಿ ಬೇಕು, ನಿಜ. ಆದರೆ ಹೋದವರೇ ದೂರು ಕೊಟ್ಟರೆ, ಅಥವಾ ಅವರ ಪರವಾಗಿ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಕೊಟ್ಟರೆ ಆ ಅನುಮತಿ ಬೇಕಿಲ್ಲ ಎಂದು ಅದೇ ಕಲಂ ಹೇಳುತ್ತದೆ. ಸಂಘದ ಇಪ್ಪತ್ತು ಸಹಿಗಿಂತ ನಮ್ಮ ಅಮ್ಮನ ಒಂದು ಹೆಬ್ಬೆಟ್ಟು ದೊಡ್ಡದಾಗಿತ್ತು! ಅಮ್ಮನ ಹೆಸರಿನಲ್ಲಿ ಹೊಸ ದೂರು ಬರೆದುಕೊಟ್ಟ ರಾತ್ರಿಯೇ ಏಜೆಂಟ್ ತಾನಾಗಿ ಫೋನ್ ಮಾಡಿ ಆ ಮನೆಯ ನಂಬರ್ ಕೊಟ್ಟ.

ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಲು ಕುಳಿತಾಗ ಪಾಸ್‌ಪೋರ್ಟ್ ಸಂಖ್ಯೆ ಕೇಳಿತು. ಮನೆಯಲ್ಲಿ ಒಂದು ಜೆರಾಕ್ಸ್ ಕೂಡ ಇರಲಿಲ್ಲ. ಅರ್ಜಿ ತುಂಬಿದ್ದ ಆನ್‌ಲೈನ್ ಕೇಂದ್ರದ ಹುಡುಗನ ಕಂಪ್ಯೂಟರಿನಲ್ಲಿ ಹಳೆಯ ರಸೀದಿ ಉಳಿದಿತ್ತು, ಅದರಲ್ಲಿದ್ದ ಫೈಲ್ ಸಂಖ್ಯೆಯೇ ನಮ್ಮನ್ನು ಉಳಿಸಿತು. ಅವಳು ರಾಯಭಾರ ಕಚೇರಿಯ ಆಶ್ರಯಧಾಮದಲ್ಲಿದ್ದು, ಔಟ್‌ಪಾಸ್ (ಪಾಸ್‌ಪೋರ್ಟ್ ಇಲ್ಲದವರಿಗೆ ಊರಿಗೆ ಮರಳಲು ಕೊಡುವ ತಾತ್ಕಾಲಿಕ ಪತ್ರ) ಮೇಲೆ ಐದು ತಿಂಗಳಿಗೆ ಮನೆಗೆ ಬಂದಳು. ಬಾಕಿ ಸಂಬಳ ಇವತ್ತಿಗೂ ಬಂದಿಲ್ಲ.

ಬಾಗೇಪಲ್ಲಿಯಿಂದ, ನಿವೃತ್ತ ಶಿಕ್ಷಕ:

ಮೇಲೆ ಬರೆದವರ ತಂಗಿಯನ್ನು ದುಬೈ ಸುತ್ತಿಸಿ ಕಳಿಸಿದ್ದು ಯಾಕೆಂಬುದನ್ನು ಎಲ್ಲರೂ ತಿಳಿಯಬೇಕು. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ 'ಇ.ಸಿ.ಆರ್.' (ವಲಸೆ ಅನುಮತಿ ಬೇಕಾದ) ವರ್ಗಕ್ಕೆ ಸೇರುತ್ತದೆ. ಅಂಥವರು ಕುವೈತ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸಿಗರ ಸಂರಕ್ಷಕರ ಕಚೇರಿಯ ಅನುಮತಿ ಬೇಕು. ಹೆಣ್ಣುಮಕ್ಕಳಿಗೆ 30 ತುಂಬಿರಬೇಕು. 2016ರ ನಂತರ ಇವರನ್ನು ಮನೆಗೆಲಸಕ್ಕೆ ಖಾಸಗಿ ಏಜೆಂಟರ ಮೂಲಕ ಕಳಿಸುವಂತಿಲ್ಲ. ಹಾಗಾಗಿ, ಗ್ರಂಥಪಾಲಕಿಯವರೇ, ನಿಮ್ಮಲ್ಲಿಗೆ ಬಂದ ಆ ಅಮ್ಮ ಹತ್ತನೇ ತರಗತಿ ಮುಗಿಸಿಲ್ಲವಾದರೆ, "ಮದನಪಲ್ಲಿ ಕಡೆಯವರು" ಎಂದ ಕೂಡಲೇ ಎಚ್ಚರವಾಗಿ. ಪ್ರವಾಸಿ ವೀಸಾ ಎಂದರಂತೂ ಅಲ್ಲಿಗೇ ನಿಲ್ಲಿಸಿ.

ಈ ವಯಸ್ಸಿನ ನಿಷೇಧದ ಬಗ್ಗೆ ನನಗೆ ಸಿಟ್ಟಿದೆ. ಕಾಪಾಡಲೆಂದು ಹಾಕಿದ ಬೇಲಿ, ನಿಜ. ಆದರೆ ಸಾಲ ತೀರಿಸಬೇಕಾದ 27ರ ಹುಡುಗಿ ಬೇಲಿ ನೋಡಿ ಮನೆಗೆ ಮರಳುವುದಿಲ್ಲ, ಕಳ್ಳದಾರಿ ಹಿಡಿಯುತ್ತಾಳೆ. ಆ ದಾರಿಯಲ್ಲಿ ಅವಳಿಗೆ ನೋಂದಾಯಿತ ಒಪ್ಪಂದವಿಲ್ಲ, ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ವಿಮೆಯಿಲ್ಲ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿಯ ವಿಮೆ ಅದು! ನಾವು ಕೇಳಬೇಕಾದದ್ದು ನಿಷೇಧವನ್ನಲ್ಲ, ತೆರೆದ ದಾರಿಯಲ್ಲಿ ಕಾವಲನ್ನು.

ಗಂಡುಮಕ್ಕಳು ಡ್ರೈವರ್ ಕೆಲಸಕ್ಕೋ ಕಟ್ಟಡ ಕೆಲಸಕ್ಕೋ ಹೋಗುವಾಗ ಏಜೆಂಟರ ನೋಂದಣಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ 'ಇ-ಮೈಗ್ರೇಟ್' ತಾಣದಲ್ಲಿ ಹಾಕಿ ನೋಡಿ. ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಜಿ.ಎಸ್.ಟಿ. ದಾಟುವಂತಿಲ್ಲ. ನಮ್ಮಲ್ಲಿ ಒಂದು ಲಕ್ಷ ಕೊಟ್ಟವರೂ ಇದ್ದಾರೆ, ರಸೀದಿ ಒಬ್ಬರ ಬಳಿಯೂ ಇಲ್ಲ.

ನಾವು ಸಭೆ ಕರೆದು ಸೋತೆವು. ಹೋಗುವವರು ಸಭೆಗೆ ಬರುವುದಿಲ್ಲ, ಏಜೆಂಟರ ಕಡೆಯವರು ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಮನೆಮನೆಗೆ ಹೋದಾಗ ಕೆಲಸವಾಯಿತು. ಇನ್ನೊಂದು ಮಾತು: ಇಲ್ಲಿ ಕನ್ನಡ ಓದಿದರೂ ಮನೆಯ ಮಾತು ತೆಲುಗು. ಕರಪತ್ರವನ್ನು ಕನ್ನಡದಲ್ಲಿ ಕೊಟ್ಟು, ವಿಷಯವನ್ನು ತೆಲುಗಿನಲ್ಲಿ ಹೇಳಿ.

ಮುಳಬಾಗಿಲಿನಿಂದ:

ನಾನು ಕುವೈತ್‌ನಲ್ಲಿ ಹನ್ನೊಂದು ವರ್ಷ ಇದ್ದು ಬಂದವಳು. ಮೊದಲು ಒಂದು ಮಾತು. ನಮ್ಮನ್ನು ಅಯ್ಯೋ ಪಾಪ ಎಂದು ನೋಡಬೇಡಿ. ಆ ದಿನಾರಿನಲ್ಲಿ ಮನೆ ಕಟ್ಟಿಸಿದೆ, ಮಗಳನ್ನು ನರ್ಸಿಂಗ್ ಓದಿಸಿದೆ. ನನ್ನ ಜೊತೆಯಲ್ಲೇ ವಿಮಾನ ಹತ್ತಿದ ಒಬ್ಬಳು ಶವವಾಗಿ ಬಂದಳು. ಎರಡೂ ನಿಜ.

ಅಲ್ಲಿಯೂ ಕಾನೂನಿದೆ ಎಂದು ನನಗೆ ಬಹಳ ಕಾಲ ಯಾರೂ ಹೇಳಿರಲಿಲ್ಲ. ಕುವೈತ್‌ನ 2015ರ ಮನೆಗೆಲಸದವರ ಕಾಯ್ದೆಯ ಪ್ರಕಾರ ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಾರಕ್ಕೊಂದು ರಜೆ ಕೊಡಬೇಕು, ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ಎಲ್ಲರೂ ಪಾಲಿಸುತ್ತಾರೆ ಎನ್ನುತ್ತಿಲ್ಲ. ತನಗೆ ಹಕ್ಕಿದೆ ಎಂದು ಗೊತ್ತಿದ್ದವಳು ಕೇಳುವ ರೀತಿಯೇ ಬೇರೆ ಇರುತ್ತದೆ. ಕಷ್ಟವಾದರೆ ಸುಮ್ಮನೆ ಮನೆ ಬಿಟ್ಟು ಪರಿಚಯದವರ ಕೋಣೆಗೆ ಹೋಗಬಾರದು. ಕಫೀಲ್ (ನಮ್ಮ ವೀಸಾಗೆ ಹೊಣೆಯಾದ ಮಾಲೀಕ) ಪರಾರಿ ಎಂದು ಕೇಸ್ ಹಾಕಿದರೆ ತಪ್ಪು ನಮ್ಮದಾಗುತ್ತದೆ. ನೇರವಾಗಿ ರಾಯಭಾರ ಕಚೇರಿಗೇ ಹೋಗಬೇಕು.

ಮೊಬೈಲನ್ನು ಮೊದಲ ದಿನವೇ ಕಿತ್ತುಕೊಳ್ಳುವ ಮನೆಗಳಿವೆ. ನನ್ನ ಅತ್ತೆ ಬಿಳಿ ಬಟ್ಟೆಯ ಚೂರಿನ ಮೇಲೆ ಮೂರು ನಂಬರ್‌ಗಳನ್ನು ಕೆಂಪು ದಾರದಲ್ಲಿ ಹೊಲಿದು ಲಂಗದ ಒಳಮಡಿಕೆಗೆ ಸೇರಿಸಿದ್ದರು. ಪೆನ್ನಿನಲ್ಲಿ ಬರೆದದ್ದು ಒಗೆದರೆ ಹೋಗುತ್ತದೆ, ದಾರ ಹೋಗುವುದಿಲ್ಲ. ಈಗ ಹೊರಡುವವರಿಗೆಲ್ಲ ನಾನೇ ಹೊಲಿದುಕೊಡುತ್ತೇನೆ.

ಕೋಲಾರದಿಂದ:

ಸರ್ಕಾರಕ್ಕೆ ಏನು ಕೇಳಬೇಕು ಎಂದಿರಿ. 1983ರ ಕಾಯ್ದೆಯನ್ನು ಬದಲಿಸಲು ಕೇಂದ್ರ 2021ರ ಜೂನ್‌ನಲ್ಲಿ ಒಂದು ಕರಡು, 2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಕರಡು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಎರಡನೆಯದಕ್ಕೆ ನವೆಂಬರ್ 7 ಕೊನೆಯ ದಿನ. ನಮ್ಮ ಕೈಗೆ ಸಿಕ್ಕಿದ್ದು ಇಂಗ್ಲಿಷ್ ಪ್ರತಿ. ಕಾಲೇಜು ಹುಡುಗಿಯರಿಬ್ಬರು ಎರಡು ರಾತ್ರಿ ಕುಳಿತು ಮುಖ್ಯ ಭಾಗಗಳನ್ನು ಕನ್ನಡಕ್ಕೆ ತಂದರು. ನಾವು ನಮ್ಮ ಮನೆಗಳ ಸಂಗತಿಗಳನ್ನು ಜೋಡಿಸಿ ಕಳಿಸಿದೆವು. ಊರೂರು ತಿರುಗುವ ಉಪ ಏಜೆಂಟನಿಗೆ ಕಾನೂನಿನಲ್ಲಿ ಜಾಗವೇ ಇಲ್ಲ, ಅವನ ತಪ್ಪಿಗೆ ಹೊಣೆ ಯಾರು ಎಂಬುದು ನಮ್ಮ ಮೊದಲ ಪ್ರಶ್ನೆ. ಹೊರಡುವ ಮುನ್ನದ ತರಬೇತಿ ತಾಲ್ಲೂಕು ಮಟ್ಟದಲ್ಲಿ, ಕನ್ನಡದಲ್ಲಿ ಆಗಬೇಕು ಎಂಬುದು ಎರಡನೆಯದು.

ರಾಜ್ಯವನ್ನೂ ಕೇಳಿ. ಕೊಲ್ಲಿ ದೇಶಗಳಲ್ಲಿ ಸತ್ತವರ ಕುಟುಂಬಕ್ಕೆ 5 ಲಕ್ಷ ಪರಿಹಾರವನ್ನು ತೆಲಂಗಾಣ ಸರ್ಕಾರ 2024ರಲ್ಲಿ ಘೋಷಿಸಿತು. ಅಲ್ಲಿನ ಗಲ್ಫ್ ಕಾರ್ಮಿಕರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿ ಪಡೆದದ್ದು ಅದು. ಅದೇ ವರ್ಷ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಸತ್ತಾಗ ನಮ್ಮ ಶಾಸಕರ ಕಚೇರಿಗೆ ಹೋಗಿದ್ದೆವು. "ನಮ್ಮ ತಾಲ್ಲೂಕಿನಿಂದ ಎಷ್ಟು ಜನ ಹೋಗಿದ್ದಾರೆ?" ಎಂದು ಕೇಳಿದರು. ಉತ್ತರ ನಮ್ಮಲ್ಲಿರಲಿಲ್ಲ, ತಾಲ್ಲೂಕು ಕಚೇರಿಯಲ್ಲೂ ಇರಲಿಲ್ಲ. ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇವೆ: ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಯಾವ ವೀಸಾ, ಕಳಿಸಿದವರು ಯಾರು, ಕೊಟ್ಟ ಹಣ, ಕಡೆಯ ಫೋನ್ ಬಂದ ದಿನ. ನೀವು ಅಲ್ಲಿಂದಲೇ ಶುರು ಮಾಡಿ. ಮನೆಯವರ ಒಪ್ಪಿಗೆ ಇಲ್ಲದೆ ಮಾತ್ರ ಬರೆಯಬೇಡಿ. ಆ ಪುಸ್ತಕ ಯಾರ ಕೈಗೂ ಸಿಗಬಾರದು, ಬೀಗ ಹಾಕಿಡಿ.

ಚಿಂತಾಮಣಿಯ ಗ್ರಂಥಪಾಲಕಿ, ಹತ್ತು ದಿನದ ನಂತರ:

ಎಲ್ಲರಿಗೂ ಕೈಮುಗಿಯುತ್ತೇನೆ. ಆ ಅಮ್ಮ ಓದಿರುವುದು ಏಳನೇ ತರಗತಿ. ಏಜೆಂಟ್ ಹೇಳಿದ್ದು ಪ್ರವಾಸಿ ವೀಸಾ ಎಂದೇ ಗೊತ್ತಾಯಿತು. ಮುಂಗಡ ಕೊಟ್ಟಿಲ್ಲ, ಸದ್ಯಕ್ಕೆ ನಿಂತಿದ್ದಾರೆ. ಆದರೆ ಸಾಲದ ಕಂತು ನಿಂತಿಲ್ಲ, ಅದಕ್ಕೆ ದಾರಿ ಹುಡುಕಬೇಕಿದೆ.

ನೋಟ್‌ಬುಕ್ ತಂದಿದ್ದೇನೆ. ಮೊದಲ ಪುಟದಲ್ಲಿ ಫೋನ್ ಬಾರದ ಅಕ್ಕನ ಹೆಸರು ಬರೆದೆ. ಪಾಸ್‌ಪೋರ್ಟ್ ಸಂಖ್ಯೆಯ ಜಾಗ ಖಾಲಿ ಇದೆ. ನಾಳೆ ಬೆಳಿಗ್ಗೆ ಅವರ ತಾಯಿಯನ್ನು ಕರೆದುಕೊಂಡು, ಹಳೆಯ ರಸೀದಿ ಕೇಳಲು ಆನ್‌ಲೈನ್ ಕೇಂದ್ರಕ್ಕೆ ಹೋಗುತ್ತಿದ್ದೇವೆ. ದೂರು ಅವರ ಹೆಸರಿನಲ್ಲೇ ಬರೆದಿಟ್ಟಿದ್ದೇನೆ, ಹೆಬ್ಬೆಟ್ಟು ಒತ್ತುವುದಷ್ಟೇ ಬಾಕಿ.